ನಿಲ್ಲದ ನೆಟ್ಟು

ತಾಪತ್ರಯವೆಲ್ಲ ಶುರುವಾದದ್ದು ಏನೂ ಆಗದೇ ಹೋದದ್ದರಿಂದ.

ಲಾರಿ ಕಚೇರಿಯ ಯಜಮಾನಿಯ ಮೇಜಿನ ಮೇಲೆ ಮಾರಾಟದ ಹುಡುಗ ಹಸಿರುದೀಪ ತನ್ನ ಡಬ್ಬಿಯನ್ನಿಟ್ಟು, ಗೋಡೆಯಿಂದ ಬಂದಿದ್ದ ಇಂಟರ್‌ನೆಟ್ಟಿನ ತಂತಿಯನ್ನು ಜಾದೂಗಾರನ ಗತ್ತಿನಲ್ಲಿ ಕಿತ್ತ. ತಂತಿ ಕೈಕೊಟ್ಟರೆ ಡಬ್ಬಿ ಗಾಳಿಯಲ್ಲೇ ನೆಟ್ಟು ಹಿಡಿದು ಕಚೇರಿ ನಡೆಸಬೇಕು, ಅದೂ ಹೊರಗಿನವರು ನುಸುಳದಂತೆ. ಅದನ್ನು ಮಾರುವುದೇ ಅವನ ಕೆಲಸ. ಮಾತೆತ್ತಿದರೆ "ಹಸಿರು ದೀಪ ನೋಡಿ" ಎನ್ನುತ್ತಿದ್ದುದರಿಂದ ಆ ಹೆಸರೇ ಅಂಟಿಕೊಂಡಿತ್ತು.

ಯಜಮಾನಿ ಪರದೆಯಿಂದ ಕಣ್ಣೆತ್ತಿದರು. "ಏನಾಯ್ತು?"

"ಏನೂ ಆಗ್ಲಿಲ್ಲ ಮೇಡಂ. ಅದೇ ಇದರ ವಿಶೇಷ."

"ಏನೂ ಆಗದೇ ಇರೋದಕ್ಕೆ ನಾನ್ಯಾಕಪ್ಪ ದುಡ್ಡು ಕೊಡ್ಲಿ? ಮೊದ್ಲು ನೆಟ್ ನಿಲ್ಸಿ ತೋರ್ಸು. ಆಮೇಲೆ ನಡೆಸಿ ತೋರ್ಸು."

ಹಸಿರುದೀಪ ಹಲ್ಲು ಕಚ್ಚಿದ. ಸಂಜೆಯೊಳಗೆ ಒಂದಾದರೂ ಆರ್ಡರ್ ತರದಿದ್ದರೆ ನಾಳೆಯಿಂದ ಗಿರಾಕಿಗಳ ದೂರು ಕೇಳುವ ಫೋನಿನ ಕುರ್ಚಿ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದರು. ಮ್ಯಾನೇಜರೆಂದರೆ ಹೆಂಡತಿಯ ಅಣ್ಣ. ಸುದ್ದಿ ಅವನಿಗಿಂತ ಮೊದಲೇ ಮನೆ ಸೇರುತ್ತಿತ್ತು. ಆ ಕುರ್ಚಿಯಲ್ಲಿ ಕೂತವರ ಕಿವಿ ಸಂಜೆಗೆ ಕಾದ ಕಾವಲಿಯಾಗುತ್ತಿತ್ತು. ಏನೇ ಆಗಲಿ, ಬರಿಗೈಯಲ್ಲಿ ಮೆಟ್ಟಿಲಿಳಿಯಬಾರದು.

ಡಬ್ಬಿಯನ್ನೂ ಆರಿಸಿದ. ಈಗ ತಂತಿಯೂ ಇಲ್ಲ, ಡಬ್ಬಿಯೂ ಇಲ್ಲ. ನೆಟ್ಟು ಮಾತ್ರ ಬಿಟ್ಟೂಬಿಡದೆ ಓಡುತ್ತಿತ್ತು.

ಮೂಲೆಯಲ್ಲಿ ಲೆಕ್ಕ ಬರೆಯುವ ಅಕ್ಕ ಕೆಮ್ಮಿದರು. ತಂತಿ ದಿನಾ ರಗಳೆ ಮಾಡುತ್ತಿದ್ದುದರಿಂದ, ಎದುರಿನ ಹಲ್ಲು ಡಾಕ್ಟರು ಕೊಟ್ಟ ಪಾಸ್‌ವರ್ಡಿನಲ್ಲಿ ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಅವರೇ ಎಂದೋ ಬೇರೆ ನೆಟ್ಟಿಗೆ ಸೇರಿಸಿದ್ದರಂತೆ.

"ಅಕ್ಕಾ, ಇದು ಮನೆ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ," ಎಂದು ಹಸಿರುದೀಪ ಪಾಸ್‌ವರ್ಡಿನ ಗುಟ್ಟಿನ ಬಗ್ಗೆ ದೊಡ್ಡ ಭಾಷಣವನ್ನೇ ಬಿಗಿದ. ಆಮೇಲೆ ಎದುರು ಬಾಗಿಲಿಗೆ ನುಗ್ಗಿದ. ಯಜಮಾನಿ ತಮಾಷೆ ನೋಡಲು ಹಿಂದೆಯೇ ಬಂದರು.

ಡಾಕ್ಟರು ಯಾರದೋ ಬಾಯೊಳಗೆ ಬಗ್ಗಿದ್ದರು. ಒಂದು ನಿಮಿಷ ನೆಟ್ ಆರಿಸಿ ಎಂದು ಬೇಡಿಕೊಂಡರೆ, ತಮ್ಮ ಲೈನು ಸತ್ತು ಯಾವ ಕಾಲವಾಯಿತೋ ಎಂದರು.

"ಮತ್ತೆ ಈ ಪಾಸ್‌ವರ್ಡು?"

"ಟೈಲರ್ ಮಾಮಂದು. ಇವರದೇ."

ಬಾಯಿ ತುಂಬ ಹತ್ತಿ ತುರುಕಿಸಿಕೊಂಡಿದ್ದ ರೋಗಿ ಕೈಯೆತ್ತಿ ಎದೆ ಮುಟ್ಟಿ, ಆಮೇಲೆ ನೆಲ ತೋರಿಸಿದ. ಹಲ್ಲು ಕಿತ್ತದ್ದೇ ತಡ, ಊದಿದ ಕೆನ್ನೆ ಹಿಡಿದುಕೊಂಡು ಎಲ್ಲರನ್ನೂ ಕೆಳಗಿನ ತನ್ನ ಅಂಗಡಿಗೆ ಕರೆದೊಯ್ದ.

ಬಟ್ಟೆ ಸುರುಳಿಗಳ ಹಿಂದೆ, ಕಪಾಟಿನ ಮೇಲೆ ಅಂಥದೇ ಒಂದು ಡಬ್ಬಿ. ಅದರಲ್ಲಿ ಹಸಿರು ದೀಪ. ಅಂಟಿಸಿದ ಚೀಟಿಯಲ್ಲಿ ದಪ್ಪಕ್ಷರದ ಪಾಸ್‌ವರ್ಡು. ಕೈಬರಹ ಹಸಿರುದೀಪನದೇ.

ಅವನು ಚೀಟಿಗೆ ಅಂಗೈ ಅಡ್ಡ ಹಿಡಿದ. ಹಿಂದೊಮ್ಮೆ ವಾರದ ಮಟ್ಟಿಗೆ ನೋಡಿ ಎಂದು ದರ್ಜಿಗೆ ಕೊಟ್ಟು ಮರೆತೇಬಿಟ್ಟಿದ್ದ ಡಬ್ಬಿ ಅದು. ಲೆಕ್ಕ ಕೇಳಿದ ಭಾವನಿಗೆ ಬಸ್ಸಿನಲ್ಲಿ ಕಳುವಾಯಿತು ಎಂದಿದ್ದ.

"ಅಂದ್ರೆ ಇಷ್ಟು ದಿನ ಇಡೀ ಕಟ್ಟಡ ನಡೆಸಿದ್ದು ಇದೇನಾ?" ಯಜಮಾನಿಯ ಮುಖ ಅರಳಿತು. "ಒಂದು ದಿನಾನೂ ತೊದಲಲಿಲ್ಲ. ನಂಗೆ ಇದೇ ಬೇಕು. ತಾಳು, ನಿಮ್ಮ ಮ್ಯಾನೇಜರಿಗೆ ನಾನೇ ಹೇಳ್ತೀನಿ."

"ಬೇಡ ಮೇಡಂ, ನಾನೇ..."

ಅಷ್ಟರಲ್ಲಿ ಅವರು ಫೋನು ಹಚ್ಚಿಯಾಗಿತ್ತು. ಡಬ್ಬಿಯನ್ನೂ ಹೊಗಳಿದರು, ಹುಡುಗನನ್ನೂ ಹೊಗಳಿದರು, ಅದು ದರ್ಜಿಯಂಗಡಿಯಲ್ಲಿ ಎಂದಿನಿಂದ ಇದೆ ಎಂಬುದನ್ನೂ ಬಿಡಲಿಲ್ಲ.

ಮೇಜಿನ ಮೇಲಿನ ಹೊಸ ಡಬ್ಬಿಯನ್ನು ಯಜಮಾನಿಗೇ ಬಿಟ್ಟು, ದರ್ಜಿಯ ಕಪಾಟಿನಿಂದ ಹಳೆಯದನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು, ಆರ್ಡರಿನೊಂದಿಗೆ ಹಸಿರುದೀಪ ಕಚೇರಿ ಸೇರಿದಾಗ ಭಾವ ನಗುತ್ತಲೇ ಬರಮಾಡಿಕೊಂಡರು.

"ಬಸ್ಸಲ್ಲಿ ಹೋದ ಡಬ್ಬಿ ಟೈಲರ್ ಅಂಗಡೀಲಿ ಇಳೀತಂತೆ?" ಎಂದು ದೂರಿನ ಕುರ್ಚಿಯನ್ನು ತಾವೇ ಎಳೆದುಕೊಟ್ಟರು. ನಾಳೆಯವರೆಗೂ ಕಾಯಬೇಕಾಗಿರಲಿಲ್ಲ.

ಕೂರುವಷ್ಟರಲ್ಲಿ ಫೋನು ರಿಂಗಣಿಸಿತು. ಎತ್ತಿದ. ಆ ಕಡೆಯಿಂದ ಹತ್ತಿ ತುಂಬಿದ ಬಾಯೊಂದು ಉಸಿರು ಬಿಡದೆ ಬೈಯತೊಡಗಿತು. ಒಂದಕ್ಷರವೂ ತಿಳಿಯಲಿಲ್ಲ. ವಿಷಯ ಮಾತ್ರ ಪೂರ್ತಿ ತಿಳಿಯಿತು.