ಭಾವನ ಹಣೆಬರಹ

ನಮ್ಮ ಭಾವನ ತಲೆಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದ ದಿನ ನಾವು ಮನೆಯಲ್ಲಿ ಪಾಯಸ ಮಾಡಿದೆವು! ತಮಾಷೆಯಲ್ಲ, ಅದನ್ನು ಬರವಣಿಗೆಯಲ್ಲೇ ಕೊಟ್ಟಿದ್ದಾರೆ.

ಭಾವ ಎಂದರೆ ಅಕ್ಕನ ಗಂಡ. ಊರು ಮೆಕ್ಸಿಕೋ, ಈಗ ನಿವೃತ್ತ ಫುಟ್ಬಾಲ್ ಆಟಗಾರ. ಗೋಲಿನ ಮುಂದೆ ನಿಂತು, ಬಂದ ಚೆಂಡನ್ನೆಲ್ಲ ಹಣೆಯಿಂದ ಗುದ್ದಿ ವಾಪಸ್ ಕಳಿಸುವುದೇ ಇವರ ಇಪ್ಪತ್ತು ವರ್ಷದ ಉದ್ಯೋಗ. ನಮಗೆಲ್ಲ ಹಣೆಬರಹ ಬರೆದವನು ಬ್ರಹ್ಮ, ಇವರಿಗೆ ಬರೆದದ್ದು ಚೆಂಡು! ಅಡಿಲೇಡ್‌ನಲ್ಲಿ ಆಡುವಾಗ ಒಮ್ಮೆ ಗೋಲ್‌ಕಂಬಕ್ಕೇ ಗುದ್ದಿ ಆಸ್ಪತ್ರೆ ಸೇರಿದರು. ಅಲ್ಲಿ ನರ್ಸ್ ಆಗಿದ್ದವಳೇ ಮೈಸೂರಿನ ನಮ್ಮಕ್ಕ. ಎಚ್ಚರವಾದೊಡನೆ ಭಾವ ಕೇಳಿದ ಮೊದಲ ಮಾತು, "ಕಂಬಕ್ಕೇನೂ ಆಗಿಲ್ಲ ತಾನೇ?" ಇಂಥವರನ್ನು ಯಾವ ಹುಡುಗಿ ತಾನೇ ಬಿಟ್ಟಾಳು?

ಮುಂದೆ ಬ್ರಿಸ್ಬೇನ್ ತಂಡ. ನಾನು ಆಗ ಅಲ್ಲೇ ಓದುತ್ತಿದ್ದೆ, ಟೂವಾಂಗ್‌ನ ಅವರ ಬಾಡಿಗೆ ಮನೆಯಲ್ಲೇ ನನ್ನ ಬಿಡಾರ. ಒಂದು ಪಂದ್ಯದಲ್ಲಿ ಭಾವ ಗಾಳಿಯಲ್ಲಿ ಹಾರಿ, ಅದ್ಭುತವಾಗಿ ತಲೆಕೊಟ್ಟು, ತಮ್ಮ ತಂಡದ ಗೋಲಿಗೇ ಚೆಂಡು ಹೊಡೆದರು! ಎದುರಾಳಿಗಳು ಚಪ್ಪಾಳೆ ತಟ್ಟಿದಾಗ ಬಗ್ಗಿ ನಮಸ್ಕಾರವನ್ನೂ ಮಾಡಿದರು.

"ಏನ್ ಭಾವ ಇದು?" ಎಂದೆ.

"ಗೋಲ್ ಚೆನ್ನಾಗಿತ್ತೋ ಇಲ್ವೋ, ಅದ್ ಹೇಳು."

ಆಟ ಬಿಟ್ಟು ಪರ್ತ್‌ಗೆ ಬಂದು ಥಾರ್ನ್ಲಿಯಲ್ಲಿ ಮನೆ ಮಾಡಿದರು. ಕೆಲಸ ಸಿಕ್ಕಿ ನಾನೂ ಅದೇ ಬೀದಿಗೆ ಬಂದೆ. ಭಾವ ಕನ್ನಡ ಕಲಿತದ್ದು ಅಕ್ಕನ ಬಾಯಿಂದ, ಪುಸ್ತಕ ಮುಟ್ಟಿ ಅಲ್ಲ. ಅಕ್ಕ ಅವರನ್ನು ಕರೆಯುವುದು "ರೀ" ಎಂದು, ನಮ್ಮಮ್ಮ ಅಪ್ಪನನ್ನು ಕರೆದ ಹಾಗೇ. ಸರಿ, ಇವರೂ ಅಕ್ಕನನ್ನು "ರೀ" ಎಂದೇ ಕರೆಯತೊಡಗಿದರು! ಒಂದು ಭಾನುವಾರ ಇಂಡಿಯನ್ ಅಂಗಡಿಯಲ್ಲಿ ಗಟ್ಟಿಯಾಗಿ "ರೀ, ಎಲ್ಲಿದೀರಾ?" ಎಂದು ಕೂಗಿದರು. ನಾಲ್ಕು ಜನ ಕನ್ನಡದ ಗಂಡಂದಿರು ಗಾಬರಿಯಿಂದ ತಿರುಗಿದರು. ಒಬ್ಬರಂತೂ "ಬಂದೆ ಕಣೇ" ಎಂದೇಬಿಟ್ಟರು!

ಹೀಗೆ ನಗುತ್ತಿದ್ದ ನಮಗೆ ಕಳೆದ ತಿಂಗಳು ನಗು ನಿಂತಿತು. ಭಾವ ಕಾರಿನ ಕೀಲಿಯನ್ನು ದೋಸೆಹಿಟ್ಟಿನ ಡಬ್ಬದಲ್ಲಿ ಇಟ್ಟಿದ್ದರು. ಮರುವಾರ ಸರ್ವೋಗೆ, ಅಂದರೆ ಹಾಲು ಬ್ರೆಡ್ಡೂ ಮಾರುವ ಇಲ್ಲಿನ ಪೆಟ್ರೋಲ್ ಬಂಕಿಗೆ, ಪೆಟ್ರೋಲ್ ಹಾಕಿಸಲು ಹೋದವರು ಕಾರನ್ನು ಅಲ್ಲೇ ಬಿಟ್ಟು, ಹಾಲು ಹಿಡಿದು ನಡೆದುಕೊಂಡು ಬಂದರು. ವರ್ಷಗಟ್ಟಲೆ ಚೆಂಡಿಗೆ ತಲೆ ಕೊಟ್ಟವರಿಗೆ ಮರೆವಿನ ಕಾಯಿಲೆ ಬರಬಹುದು ಎಂದು ಅಕ್ಕನಿಗೆ ಗೊತ್ತು, ನರ್ಸ್ ಅಲ್ಲವೇ? "ಒಂದಿನ ನನ್ನನ್ನೇ ಮರೆತ್ಬಿಟ್ರೆ ಏನೋ ಮಾಡ್ಲಿ?" ಎಂದು ನನ್ನ ಮುಂದೆ ಅತ್ತಳು. ನನಗೂ ಭಯವಾಯಿತು.

ಸ್ಕ್ಯಾನ್ ಆಯಿತು. ಡಾಕ್ಟರು ಅದರ ವರದಿಯನ್ನು ಮುಂದಿಟ್ಟುಕೊಂಡೇ ಒಂದೊಂದಾಗಿ ಪ್ರಶ್ನೆ ಕೇಳಿದರು. ವಾರ, ತಿಂಗಳು, ವರ್ಷ ಎಲ್ಲವನ್ನೂ ಭಾವ ಸರಿಯಾಗಿ ಹೇಳಿದರು.

"ನಿಮ್ಮ ಹೆಂಡತಿಯ ಹೆಸರು?"

"ರೀ."

ಡಾಕ್ಟರು ಫೈಲ್ ನೋಡಿದರು. ಅಲ್ಲಿ ಬೇರೆಯದೇ ಹೆಸರಿತ್ತು. "ನಿಧಾನವಾಗಿ ಯೋಚಿಸಿ ಹೇಳಿ," ಎಂದರು. ಭಾವ ಆಗದೆಂದು ತಲೆಯಾಡಿಸಿದರು. ಅಕ್ಕ ನನ್ನ ಮಣಿಕಟ್ಟನ್ನು ಹಿಡಿದ ಹಿಡಿತ ಇನ್ನೂ ನೆನಪಿದೆ.

ಭಾವ ಡಾಕ್ಟರ ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಬರೆದರು. ಸೊಟ್ಟ ಸೊಟ್ಟ ಕನ್ನಡ ಅಕ್ಷರದಲ್ಲಿ ಅಕ್ಕನ ಪೂರ್ತಿ ಹೆಸರು, ಅಪ್ಪನ ಇನಿಶಿಯಲ್ ಸಮೇತ! ಕನ್ನಡ ಬರೆಯಲು ಯಾವಾಗ ಕಲಿತರೋ ನಮಗೆ ಗೊತ್ತೇ ಇರಲಿಲ್ಲ.

"ಬಾಯಲ್ಲಿ ಹೇಳಲ್ಲ," ಎಂದರು ನನ್ನ ಕಡೆ ತಿರುಗಿ. "ಹೆಸರು ಹೇಳಿದ್ರೆ ಆಯಸ್ಸು ಕಡಿಮೆ ಆಗತ್ತೆ ಅಂತ ನಿಮ್ಮಮ್ಮ ಹೇಳಿದಾರೆ. ಇವರು ತುಂಬಾ ದಿನ ಇರ್ಬೇಕು."

ಆ ಮಾತು ಗಂಡನ ಹೆಸರಿಗೆ ಮಾತ್ರ ಎಂದು ಅಮ್ಮ ಬಿಡಿಸಿ ಹೇಳಿರಲಿಲ್ಲ. ಪುಣ್ಯಾತ್ಮ ಹನ್ನೊಂದು ವರ್ಷ ಹೆಂಡತಿಯ ಹೆಸರೆತ್ತಿರಲಿಲ್ಲ!

ನಾನು ಇದನ್ನೆಲ್ಲ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ ಮೇಲೆ ಡಾಕ್ಟರು ನಕ್ಕು ಫೈಲ್ ಮುಚ್ಚಿದರು. ತಲೆಯಲ್ಲಿ ಯಾವ ತೊಂದರೆಯೂ ಇಲ್ಲ, ಕೀಲಿ ಮರೆಯುವುದು ಬರೀ ಅಜಾಗರೂಕತೆ ಎಂದರು. ಅಕ್ಕ ಅಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅಳತೊಡಗಿದಳು. ಭಾವ ಕಂಗಾಲಾಗಿ ನನ್ನ ಕಿವಿಯಲ್ಲಿ ಕೇಳಿದರು, "ಯಾಕೆ ಅಳ್ತಿದಾರೆ? ಸೋತ್ವಾ?"

"ಇಲ್ಲ ಭಾವ, ಗೆದ್ವಿ," ಎಂದೆ.