ಹಟ್ಟಿಯವರ ಮೊಣಕಾಲು, ನಮ್ಮ ಬಟ್ಟಲು

ಸಿಂಧನೂರಿನ ನಮ್ಮ ಲ್ಯಾಬಿನಲ್ಲಿ ನಡೆಯುವುದು ಬಹಳ ಗಂಭೀರವಾದ ಕೆಲಸ. ಆದರೂ ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ತಮಾಷೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತದೆ. ಮುಂದೆ ಹೇಳುವುದರಲ್ಲಿ ನಾನು ಸೇರಿಸಿದ್ದು ಕಡಿಮೆ.

೧. ಪಾಸಾಗಬೇಕಾದ ಮೊಣಕಾಲು

ಹಟ್ಟಿಯ ಗಣಿ ಕೆಲಸಗಾರರೊಬ್ಬರ ಮೊಣಕಾಲಿನಲ್ಲಿ ಮೃದ್ವಸ್ಥಿ, ಅಂದರೆ ಒಳಗಿನ ಮೆತ್ತನೆಯ ಎಲುಬು, ಒಂದು ಕಡೆ ಕಿತ್ತು ಬಂದಿತ್ತು. ಡಾಕ್ಟರು ಅದರದೇ ಒಂದು ಚೂರು ತೆಗೆದು ನಮಗೆ ಕಳಿಸಿದರು. ಅದರ ಜೀವಕೋಶಗಳನ್ನು ಬಟ್ಟಲಲ್ಲಿ ಬೆಳೆಸಿ, ಅವು ಮೃದ್ವಸ್ಥಿಯವೇ ಎಂದು ಗುರುತು ಹಿಡಿದ ಮೇಲೆ ವಾಪಸ್ ಕೂರಿಸಬೇಕು. ಬೇರೆ ಬಗೆಯ ಕೋಶಗಳಾಗಿದ್ದರೆ ಮತ್ತೆ ಮೊದಲಿನಿಂದ. ಅಲ್ಲಿಯವರೆಗೆ ಆ ಮನುಷ್ಯ ಗಣಿಗೆ ಇಳಿಯುವಂತಿಲ್ಲ, ಮನೆಯಲ್ಲೇ ಇರಬೇಕು.

ಇದರ ಕಷ್ಟ ಗೊತ್ತಿದ್ದದ್ದು ಅವರ ಹೆಂಡತಿಗೆ.

"ಸಾರಿಗೆ ಉಪ್ಪು ಹಾಕೂಕಿಂತ ಮೊದಲೇ ಉಪ್ಪು ಕಡಿಮಿ ಆಗೇತಿ ಅಂತಾರ್ರೀ," ಎಂದರು. "ಲಗೂನ ಪಾಸ್ ಮಾಡ್ರಿ."

೨. ಯಾರ ಹೋಲಿಕೆ

ಮಗನ ಚೂರು ಲ್ಯಾಬಿನಲ್ಲಿದೆ ಎಂದು ತಿಳಿದು ಲಿಂಗಸುಗೂರಿನಿಂದ ಅವರ ತಾಯಿ ನೋಡಲು ಬಂದರು. ಬರಿಗೈಲೆ ಹೇಗೆ ಬರುವುದೆಂದು ಮಸ್ಕಿಯಲ್ಲಿ ಬಸ್ ನಿಂತಾಗ ಬನ್ನು, ಮೋಸಂಬಿ ಕೊಂಡಿದ್ದರು. ಜೊತೆಗೆ ಸೊಸೆ.

ಖರೇ ಬಟ್ಟಲನ್ನು ಹೊರಗೆ ತೆಗೆಯುವಂತಿಲ್ಲ. ಹಿರಿಯರಿಗೆ ನಿರಾಸೆ ಮಾಡಬಾರದೆಂದು ನನ್ನ ಊಟದ ಡಬ್ಬಿಯ ಉಳ್ಳಾಗಡ್ಡಿ ಸಿಪ್ಪೆಯನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ತಾಯಿ ಬಗ್ಗಿ ನೋಡಿ, "ಥೇಟ್ ನಮ್ಮ ತವರುಮನಿ ಕಳಿ," ಎಂದರು.

ಸೊಸೆಯೂ ನೋಡಿದರು. "ಹೌದ್ರಿ ಅತ್ತಿ. ಹೆಂಗ ಸಾಲಿಗೆ ಮಲಗ್ಯಾವ ನೋಡ್ರಿ. ಥೇಟ್ ನಿಮ್ಮ ತವರುಮನಿಯವ್ರೇ."

ಮಧ್ಯಾಹ್ನ ಉಳಿದ ಉಳ್ಳಾಗಡ್ಡಿ ತಿನ್ನುವಾಗ ನನಗೆ ಯಾಕೋ ಸಂಕೋಚವಾಯಿತು.

೩. ಮರೆತ ಕಸುಬು

ಖರೇ ಕೋಶಗಳು ಒಂದು ದಿನ ಕೈಕೊಟ್ಟವು. ದುಂಡಗಿದ್ದವು ಉದ್ದುದ್ದ ಆಗಿದ್ದವು. ಮೃದ್ವಸ್ಥಿಯವೋ, ಬರೀ ನಾರು ಹೆಣೆಯುವ ಬೇರೆ ಕೋಶಗಳೋ ತಿಳಿಯಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ನಮ್ಮ ಮೇಡಂ ಹೇಳಿದರು:

"ಸಪಾಟ ಬಟ್ಟಲಾಗ ಜಾಗ ಸಿಕ್ಕರ ಇವು ಕೈಕಾಲು ಚಾಚಿ ಬಿದ್ದು ಕಸುಬು ಮರೀತಾವ. ಈಗ ಎಲ್ಲಾ ಒತ್ತಿ ಉಂಡಿ ಮಾಡಿ ಬೆಚ್ಚಗಿನ ಕಪಾಟಿನಾಗ ಇಡ್ತೀವಿ. ಮೃದ್ವಸ್ಥಿ ಕೋಶ ಆಗಿದ್ರ ಕಸುಬು ನೆನಪಾಗ್ತದ."

ಹೆಂಡತಿ ಗಂಡನ ಕಡೆ ಒಮ್ಮೆ ನೋಡಿದರು.

೪. ಖಾಲಿ ಕಪಾಟು

ಕೋಶಗಳಿಗೆ ನೆನಪು ಬಂತು. ಪಾಸಾದವು. ಆಪರೇಷನ್ನೂ ಚೆನ್ನಾಗಿ ಆಯಿತು. ಥ್ಯಾಂಕ್ಸ್ ಹೇಳಲು ದಂಪತಿ ಲ್ಯಾಬಿಗೆ ಬಂದರು. ಹೆಂಡತಿಯ ಮುಖದಲ್ಲಿ ಹಬ್ಬದ ಕಳೆ.

"ಸೋಮವಾರದಿಂದ ಗಣಿಗೆ ಕಳಿಸ್ಲೇನ್ರಿ?"

"ಎಲ್ಲಿ ಗಣಿ," ಎಂದರು ಮೇಡಂ. "ಕೂಡಿಸಿದ್ದು ಗಟ್ಟಿ ಆಗಬೇಕಲ್ರಿ. ಮುಂದಿನ ವರ್ಷದ ತನಕ ಮನ್ಯಾಗ ಇರ್ಲಿ."

ಆಕೆ ನನ್ನ ಕಡೆ ತಿರುಗಿದರು.

"ಅಣ್ಣಾರ, ನಿಮ್ಮ ಬೆಚ್ಚಗಿನ ಕಪಾಟು ಈಗ ಖಾಲಿ ಐತೇನ್ರಿ?"

"ಐತ್ರಿ. ಯಾಕ?"

"ಇವರನ್ನೂ ಒತ್ತಿ ಉಂಡಿ ಮಾಡಿ ಇಡ್ರಿ. ಕಸುಬು ನೆನಪಾದ ಮ್ಯಾಲ ಫೋನ್ ಮಾಡ್ರಿ, ಬಂದು ಒಯ್ತೀನಿ."

ಗಂಡ ಊರುಗೋಲು ಸರಿಮಾಡಿಕೊಂಡು ಕಪಾಟನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಒಳಗ ಊಟಕ್ಕ ಉಪ್ಪು ಸರಿ ಇರ್ತೈತೇನ್ರಿ?" ಎಂದರು.