ಅಂಗಾತ ಇಟ್ಟ ಬಟ್ಟಲು

ಎಲ್ಲಕ್ಕೂ ಕಾರಣ ಒಂದು ಗಡಿಗೆ ಹಾಲು. ಬೆಳಗಾಗುವಷ್ಟರಲ್ಲಿ ಅದು ಮತ್ತೆ ಉರುಳಿ ನೆಲದ ಪಾಲಾಗಿತ್ತು. ಇದು ಬೆಕ್ಕಿನ ಕೆಲಸವಲ್ಲ, ಮನೆಯೊಳಗೆ ಲಿಲಿತ್ ಸೇರಿಕೊಂಡಿದ್ದಾಳೆ ಎಂದು ಅನೋಶ್ ತೀರ್ಪು ಕೊಟ್ಟಳು. ಆ ಹೆಣ್ಣುದೆವ್ವ ಹೊಗದ ಮನೆ ನಿಪ್ಪುರ ಪಟ್ಟಣದಲ್ಲಿ ಇರಲಿಲ್ಲವೆನ್ನಿ. ಹೊಕ್ಕರೆ, ಗಂಡ ಹೆಂಡತಿಯನ್ನು ಬಿಡುವಾಗ ಕೊಡುವ ಹಾಗೆಯೇ ಅವಳಿಗೂ ಮಣ್ಣಿನ ಬಟ್ಟಲಿನೊಳಗೆ ಸೋಡಚೀಟಿ ಬರೆಸಿ, ಹೊಸ್ತಿಲ ಕೆಳಗೆ ಬೋರಲು ಹೂಳುವುದು ವಾಡಿಕೆ.

"ಹೊತ್ತು ಮುಳುಗೋದ್ರೊಳಗೆ ಅವಳು ಹೋಗ್ಬೇಕು. ಇಲ್ದಿದ್ರೆ ನಾನೇ ಅಮ್ಮನ ಮನೆಗೆ ಹೋಗ್ತೀನಿ" ಎಂದಳು ಅನೋಶ್.

ಅವಳ ಗಂಡ ಯಜ್ದೀನ ಬಟ್ಟಲು ಬರೆಸಲು ಆಗಲೇ ಹೊರಟ. ಜೊಂಡಿನ ಚಾಪೆ ಹೆಣೆಯುವುದು ಬಿಟ್ಟರೆ ಆ ಬಡಪಾಯಿಗೆ ಒಂದು ಗಂಜಿ ಕಾಯಿಸಲೂ ಬಾರದು. ಗಂಜಿಯ ಮಾತು ಹಾಗಿರಲಿ, ಹೆಂಡತಿ ಎಂದರೆ ಅವನಿಗೆ ಪ್ರಾಣ. ಅವಳ ಬೈಗುಳ ಕಿವಿಗೆ ಬೀಳದಿದ್ದರೆ ಅವನಿಗೆ ಬೆಳಗೇ ಆಗುತ್ತಿರಲಿಲ್ಲ.

ಪಕ್ಕದ ಮನೆಯ ಜುತ್ರಾ ದಾರಿಯಲ್ಲೇ ಅಡ್ಡ ಹಾಕಿದ. ನಾಲ್ಕಕ್ಷರ ಓದಬಲ್ಲವನಾದ್ದರಿಂದ ಕೇರಿಗೆಲ್ಲ ಅವನೇ ನ್ಯಾಯಾಧೀಶ. "ಬಟ್ಟಲಲ್ಲಿ ಬರೆಸುವಾಗ ಹೆಸರಿನ ಜೊತೆ ತಾಯಿ ಹೆಸರು ಹೇಳೋದು ಮರೀಬೇಡ. ಅಪ್ಪನ ಹೆಸರನ್ನ ದೆವ್ವಗಳೂ ನಂಬಲ್ಲ" ಎಂದು ಉಪದೇಶಿಸಿದ. ಯಜ್ದೀನ ಅದನ್ನೇ ಜಪಿಸುತ್ತ ಕಾಲುವೆ ಪಕ್ಕದ ಮಂತ್ರಗಾರ ಗಿಯೋರನ ಗುಡಿಸಲು ಸೇರಿದ.

ಗಿಯೋರ ಬಟ್ಟಲಿನಿಂದ ತಲೆಯೆತ್ತದೆ ಕೇಳಿದ: "ಮನೆ ಬಿಟ್ಟು ಹೋಗೋಳು ಯಾರು?"

ಯಜ್ದೀನನ ತಲೆಯ ತುಂಬ ಬೆಳಗಿನ ಬೆದರಿಕೆಯೇ ತುಂಬಿತ್ತು. "ಅನೋಶ್" ಎಂದ. ತಾಯಿಯ ಹೆಸರನ್ನೂ ಮರೆಯಲಿಲ್ಲ. "ಕಿಮೋಯ್ ಮಗಳು."

ದೆವ್ವಗಳು ಎಂತೆಂಥ ಹೆಸರು ಇಟ್ಟುಕೊಳ್ಳುತ್ತವೋ, ಗಿಯೋರನಿಗೇನು? ಬಟ್ಟಲಿನೊಳಗೆ ಸುತ್ತಿ ಸುತ್ತಿ ಬರೆದು ಕೊಟ್ಟ.

ಬಟ್ಟಲು ಹೂತು ಯಜ್ದೀನ ಕೈ ತೊಳೆಯುವಷ್ಟರಲ್ಲಿ ಜುತ್ರಾ ಹಾಜರಾದ. ಕಾಗುಣಿತ ತಪ್ಪಿದ್ದರೆ ದೆವ್ವ ನಗುತ್ತದೆ ಎಂದು, ಯಾರೂ ಕೇಳದಿದ್ದರೂ ಅಗೆದು ತೆಗೆದು, ಬಟ್ಟಲನ್ನು ತಿರುಗಿಸುತ್ತ ತಾನೂ ತಿರುಗುತ್ತ ಗಟ್ಟಿಯಾಗಿ ಓದಿದ: "ಕಿಮೋಯಿಯ ಮಗಳು ಅನೋಶ್, ನಿನ್ನನ್ನು ಬಿಟ್ಟಿದ್ದೇನೆ. ಸೋಡಚೀಟಿ ತೆಗೆದುಕೊಂಡು ಈ ಹೊಸ್ತಿಲು ದಾಟು."

ಕೇರಿಯೇ ನೆರೆಯಿತು. ಅನೋಶ್ ಒಳಗೆ ಹೋಗಿ ಬಟ್ಟೆಗಂಟು ಕಟ್ಟತೊಡಗಿದಳು.

"ಎಡವಟ್ಟಾಯ್ತು ಕಣೇ" ಎಂದು ಯಜ್ದೀನ ಎಲ್ಲರೆದುರೇ ಅತ್ತುಬಿಟ್ಟ. "ನೀನಿಲ್ದಿದ್ರೆ ಇದು ಮನೆಯಾ?"

ಗಂಟು ಕಟ್ಟುವ ಕೈ ಸ್ವಲ್ಪ ತಡೆಯಿತು. ಆದರೆ ಬರೆದದ್ದು ಬರೆದಂತೆಯೇ ಇತ್ತಲ್ಲ. ಒಡೆದು ಹಾಕೋಣವೆಂದರೆ, ಒಡೆದ ಸೋಡಚೀಟಿ ಎಂದೆಂದಿಗೂ ನಿಂತಂತೆ ಎಂದು ಜುತ್ರಾ ಕೈ ಹಿಡಿದ. ಕೊನೆಗೆ ಉಪಾಯವನ್ನೂ ಅವನೇ ಹೇಳಿದ. ಬೋರಲು ಬಟ್ಟಲು ಓಡಿಸುತ್ತದೆ, ಅಂಗಾತ ಬಟ್ಟಲು ಕರೆಯುತ್ತದೆ. ತಿರುಗಿಸಿ ಹೂತರೆ ಸಾಕು, ಅದರಲ್ಲಿ ಹೆಸರಿರುವವರು ಮನೆ ಬಿಟ್ಟು ಕದಲುವುದಿಲ್ಲ.

ಹಾಗೆಯೇ ಮಾಡಿದರು. ಅನೋಶ್ ಗಂಟು ಬಿಚ್ಚಿದಳು, ಒಂದಿಷ್ಟು ಬೈದಳು. ಜನ ಮನೆಯಲ್ಲಿದ್ದ ಖರ್ಜೂರವನ್ನೆಲ್ಲ ಖಾಲಿ ಮಾಡಿ ಚದುರಿದರು. ಯಜ್ದೀನನಿಗೆ ಹೋದ ಜೀವ ಬಂದಂತಾಯಿತು.

ಹೊತ್ತು ಮುಳುಗುವಾಗ ಬಾಗಿಲಲ್ಲಿ ಕತ್ತೆಯೊಂದು ನಿಂತಿತು. ಅದರ ಮೇಲೆ ಹಾಸಿಗೆ, ಒರಳು, ಎರಡು ಕೋಳಿ. ಪಕ್ಕದಲ್ಲಿ ಅತ್ತೆ ಕಿಮೋಯ್.

"ಮಧ್ಯಾಹ್ನದಿಂದ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯ್ತು ಅಳಿಯಂದ್ರೇ. ತಡೀಲಾರ್ದೆ ಬಂದ್ಬಿಟ್ಟೆ."

ಯಜ್ದೀನ ಹೊಸ್ತಿಲನ್ನೇ ನೋಡಿದ. ಗೋಡೆಯಾಚೆಯಿಂದ ಜುತ್ರಾ ಮೆಲ್ಲಗೆ ಎಚ್ಚರಿಸಿದ: "ಮತ್ತೆ ಬೋರಲು ಹಾಕೀಯಪ್ಪ. ಮಗಳೂ ಹೊರಟ್ಹೋಗ್ತಾಳೆ."

ಅಷ್ಟರಲ್ಲಿ ಒಳಗೆ ಹಾಲಿನ ಗಡಿಗೆ ದಢಾರನೆ ಬಿತ್ತು.

"ಅಯ್ಯೋ, ನಿಮ್ಮನೇಲೂ ಒಬ್ಬ ಲಿಲಿತ್ ಇದ್ದಾಳಾ?" ಎಂದರು ಕಿಮೋಯ್, ಹೊಸ್ತಿಲು ದಾಟುತ್ತ. "ಒಳ್ಳೇದಾಯ್ತು ಬಿಡಿ. ನನ್ನ ಜೊತೆ ಬಂದೋಳಿಗೆ ಬೇಜಾರಾಗಲ್ಲ."